ಮೈಯ ತೂಕ, ಊರಿನ ಹೊಣೆ

ಒಬ್ಬರ ಹೊಟ್ಟೆ ದೊಡ್ಡದಾದರೆ ಅವರ ಊಟವನ್ನು ವಿಚಾರಿಸಬಹುದು. ಊರಿಗೆ ಊರೇ ದಪ್ಪವಾದರೆ ವಿಚಾರಿಸಬೇಕಾದದ್ದು ಊರನ್ನು.

*

ನಮ್ಮ ಅಜ್ಜ ಅಜ್ಜಿಯರಿಗೆ ನಮಗಿಂತ ಹೆಚ್ಚಿನ ಮನೋನಿಗ್ರಹವೇನೂ ಇರಲಿಲ್ಲ. ಅವರ ಓಣಿಯಲ್ಲಿ ಐದು ರೂಪಾಯಿಯ ಪ್ಯಾಕೆಟ್ಟುಗಳ ಸರ ತೂಗಾಡುತ್ತಿರಲಿಲ್ಲ, ಅಷ್ಟೆ.

*

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು ನಡೆದದ್ದು 2019–21ರಲ್ಲಿ. ಕರ್ನಾಟಕದ ಹೆಂಗಸರಲ್ಲೂ ಗಂಡಸರಲ್ಲೂ 100ಕ್ಕೆ ಸುಮಾರು 30 ಮಂದಿಯ ತೂಕ ಮಿತಿ ಮೀರಿದೆ ಎಂದು ಅದು ಹೇಳಿತು. ಐದು ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂದೂ ಅದೇ ಹೇಳಿತು. ಎರಡೂ ಅಂಕಿಗಳು ಒಂದೇ ರಾಜ್ಯದವು. ಎಷ್ಟೋ ಕಡೆ ಒಂದೇ ಮನೆಯವು.

*

ಹಸಿವು ಮತ್ತು ಬೊಜ್ಜು ಒಂದೇ ಕೊರತೆಯ ಎರಡು ರೂಪಗಳು. ಎರಡರಲ್ಲೂ ಮೈ ಕೇಳಿದ್ದು ಮೈಗೆ ಸಿಕ್ಕಿರುವುದಿಲ್ಲ.

*

1985ರಲ್ಲಿ ಲಂಡನ್ನಿನ ವೈದ್ಯ ಜೆಫ್ರಿ ರೋಸ್ ಎರಡು ಪ್ರಶ್ನೆಗಳನ್ನು ಬಿಡಿಸಿಟ್ಟರು. ಈ ಮನುಷ್ಯನಿಗೆ ಈ ಕಾಯಿಲೆ ಏಕೆ ಬಂತು? ಈ ಜನರಲ್ಲಿ ಈ ಕಾಯಿಲೆ ಏಕೆ ಇಷ್ಟೊಂದಿದೆ? ಮೊದಲನೆಯದಕ್ಕೆ ವೈದ್ಯರ ಕೋಣೆಯಲ್ಲಿ ಉತ್ತರ ಸಿಗಬಹುದು. ಎರಡನೆಯದಕ್ಕೆ ಸಂತೆ, ಶಾಲೆ, ಕಾರ್ಖಾನೆ, ರಸ್ತೆಗಳನ್ನು ಸುತ್ತಬೇಕು. ನಾವು ಎರಡನೆಯ ಪ್ರಶ್ನೆಗೂ ಮೊದಲನೆಯದರ ಉತ್ತರವನ್ನೇ ಕೊಡುತ್ತ ಬಂದಿದ್ದೇವೆ.

*

ಒಂದು ಜಿಲ್ಲೆಯ ಜನರೆಲ್ಲ ತಲಾ ಒಂದೆರಡು ಕಿಲೋ ಇಳಿದರೆ ಯಾರ ಕನ್ನಡಿಯಲ್ಲೂ ವ್ಯತ್ಯಾಸ ಕಾಣದು. ಆದರೆ ಸಕ್ಕರೆ ಕಾಯಿಲೆಯ ಗಡಿ ದಾಟಲಿದ್ದ ಎಷ್ಟೋ ಮಂದಿ ಈಚೆ ದಡದಲ್ಲೇ ಉಳಿಯುತ್ತಾರೆ. ತಾವು ಉಳಿದೆವೆಂದು ಅವರಿಗೇ ತಿಳಿಯುವುದಿಲ್ಲ. ಸಾರ್ವಜನಿಕ ಆರೋಗ್ಯದ ಕೆಲಸ ಮಾಡುವವರು ಈ ಅನಾಮಿಕತೆಯನ್ನು ಒಪ್ಪಿಕೊಂಡೇ ಕೆಲಸಕ್ಕೆ ಇಳಿಯಬೇಕು.

*

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಊಟ ಎಂದರೆ ಮನೆಯಲ್ಲಿ ಬೆಂದದ್ದು. ಇಂದು ಊಟ ಬಲ್ಲವರಿಗೂ ಬಲ್ಲ ಊಟ ಕೈಗೆಟುಕಬೇಕಲ್ಲ? ತಿಳಿವಳಿಕೆ ಕೊಡುವುದು ಅರ್ಧ ಕೆಲಸ. ತಿಳಿದದ್ದನ್ನು ಮಾಡಲು ಆಗುವಂತೆ ಮಾಡುವುದು ಉಳಿದರ್ಧ, ಮತ್ತು ಕಷ್ಟದ ಅರ್ಧ.

*

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಮಂದಿಯನ್ನು ನಾಲ್ಕು ವಾರ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ತಿನಿಸು, ಎರಡು ವಾರ ಸಾದಾ ಅಡುಗೆ. ಮುಂದಿಟ್ಟ ಊಟದಲ್ಲಿ ಶಕ್ತಿ, ಸಕ್ಕರೆ, ಕೊಬ್ಬು, ನಾರು ಎರಡೂ ಕಡೆ ಸರಿಸಮ. ಬೇಕಾದಷ್ಟು ತಿನ್ನಲು ಬಿಟ್ಟಿದ್ದರು. ಕಾರ್ಖಾನೆಯ ತಿನಿಸಿನ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಸರಾಸರಿ 0.9 ಕಿಲೋ ಏರಿದರು. 2019ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ತಿಂದವರು ಅವರೇ, ಅವರ ಮನಸ್ಸೂ ಅದೇ. ಬದಲಾದದ್ದು ತಟ್ಟೆ.

*

ಸಾಕು ಅನ್ನಿಸುವ ಮೊದಲೇ ಮುಗಿದುಹೋಗುವಂತೆ ತಯಾರಿಸಿದ ತಿನಿಸನ್ನು ಕೈಗಿಟ್ಟು, ಮಿತವಾಗಿ ತಿನ್ನು ಎಂದು ಮಗುವಿಗೆ ಬುದ್ಧಿ ಹೇಳುವುದು ಅನ್ಯಾಯ.

*

ಭಾರತೀಯರ ಮೈ ಬಗ್ಗೆ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ತಮ್ಮನ್ನೇ ಸಾಕ್ಷಿಯಾಗಿ ಇಟ್ಟರು. ಅವರದೂ ಬ್ರಿಟನ್ನಿನ ಗೆಳೆಯ ಜಾನ್ ಯುಡ್‌ಕಿನ್ ಅವರದೂ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕ) ಒಂದೇ, 22.3. ಆದರೆ ಗೆಳೆಯನ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕ್ ಅವರಲ್ಲಿ 21.2 ಶೇಕಡಾ. 2004ರಲ್ಲಿ ಇಬ್ಬರ ಭಾವಚಿತ್ರದೊಂದಿಗೆ ಇದು ವೈದ್ಯಪತ್ರಿಕೆಯಲ್ಲಿ ಬಂತು. ತೆಳ್ಳಗೆ ಕಾಣುವ ನಮ್ಮವರಿಗೂ ಅಪಾಯ ತಪ್ಪಿದ್ದಲ್ಲ ಎಂದು ತೋರಿಸಲು ಇದಕ್ಕಿಂತ ಪ್ರಾಮಾಣಿಕವಾದ ದಾರಿ ಇರಲಾರದು.

*

ಅದಕ್ಕೇ ನಮ್ಮ ತಜ್ಞರು ಭಾರತೀಯರಿಗೆ ಗಡಿಯನ್ನು ಕೆಳಗಿಳಿಸಿದರು: ಬಿಎಂಐ 23 ದಾಟಿದರೆ ಅತಿತೂಕ, 25 ಮುಟ್ಟಿದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಇದನ್ನು ಅಳೆಯಲು ಯಂತ್ರ ಬೇಡ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಅಳತೆ ಪಟ್ಟಿ, ಅದನ್ನು ಹಿಡಿಯುವವರಿಗೆ ಎರಡು ನಿಮಿಷ ಬಿಡುವು ಇದ್ದರೆ ಸಾಕು.

*

ಮೈಸೂರಿನಲ್ಲಿ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ದಾದಿಯರು ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದವರಲ್ಲಿ 517 ಮಂದಿಯನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಿತ್ತು. ಅಂದು ಸುಮ್ಮನೆ ಶ್ರದ್ಧೆಯಿಂದ ಬರೆದಿಟ್ಟ ಒಂದು ದಫ್ತರು 1996ರಲ್ಲಿ ಲೋಕಕ್ಕೆ ಪಾಠ ಹೇಳಿತು.

*

ಬಸುರಿಯ ತಟ್ಟೆಯಲ್ಲಿ ಕಡಿಮೆಯಾದದ್ದು ಐವತ್ತು ವರ್ಷದ ಮೇಲೆ ಮಗನ ಸೊಂಟದಲ್ಲಿ, ಎದೆಯಲ್ಲಿ ಲೆಕ್ಕ ಕೇಳುತ್ತದೆ. ಬೊಜ್ಜಿನ ವಿರುದ್ಧದ ಹೋರಾಟ ಜಿಮ್ಮಿನಲ್ಲಿ ಶುರುವಾಗುವುದಿಲ್ಲ. ಅಂಗನವಾಡಿಯಲ್ಲಿ ತಾಯಂದಿರು ಕೂತು ಉಣ್ಣುವ ಬಿಸಿಯೂಟದಲ್ಲಿ ಶುರುವಾಗುತ್ತದೆ.

*

ಬಡತನದಲ್ಲಿ ಹುಟ್ಟಿ, ಅಗ್ಗದ ಎಣ್ಣೆ ಸಕ್ಕರೆಯ ಕಾಲದಲ್ಲಿ ಬೆಳೆದ ಮೈಗೆ ಎರಡು ಸಲ ಪೆಟ್ಟು ಬೀಳುತ್ತದೆ. ಎರಡೂ ಪೆಟ್ಟು ಅದು ತಾನಾಗಿ ಆರಿಸಿಕೊಂಡದ್ದಲ್ಲ.

*

1990ರ ದಶಕದ ಆರಂಭದಲ್ಲಿ ಕ್ಯೂಬಾ ದೇಶಕ್ಕೆ ಸೋವಿಯತ್ ನೆರವು ನಿಂತುಹೋಯಿತು. ಊಟ ಕಡಿಮೆಯಾಯಿತು, ಪೆಟ್ರೋಲ್ ಇಲ್ಲದೆ ಜನ ನಡೆದರು, ಸೈಕಲ್ ತುಳಿದರು. ಸರಾಸರಿ ಐದು ಕಿಲೋಗೂ ಹೆಚ್ಚು ತೂಕ ಇಳಿಯಿತು. ಮುಂದಿನ ವರ್ಷಗಳಲ್ಲಿ ಸಕ್ಕರೆ ಕಾಯಿಲೆಯ ಸಾವು, ಹೃದ್ರೋಗದ ಸಾವು ಕಡಿಮೆಯಾದವು. ಅದೇ ದಿನಗಳಲ್ಲಿ ಪೋಷಕಾಂಶದ ಕೊರತೆಯಿಂದ ಸುಮಾರು 50,000 ಮಂದಿಯ ಕಣ್ಣಿಗೆ, ನರಗಳಿಗೆ ತೊಂದರೆಯಾಯಿತು. ಇಡೀ ದೇಶದ ಜನರ ತೂಕ ಬದಲಾಗಬಲ್ಲದು ಎಂಬುದನ್ನು ಕ್ಯೂಬಾದಿಂದ ಕಲಿಯೋಣ. ಹಸಿವನ್ನು ಆರೋಗ್ಯ ನೀತಿ ಎಂದು ಎಂದೂ ಒಪ್ಪದಿರೋಣ.

*

ತಗ್ಗಿನ ಕಡೆಗೆ ನೀರು ಹರಿಯುವಂತೆ ಜನ ಅಗ್ಗದ ಕಡೆಗೆ, ಹತ್ತಿರದ ಕಡೆಗೆ, ಸುಲಭದ ಕಡೆಗೆ ಹೋಗುತ್ತಾರೆ. ನೀರನ್ನು ಬೈದು ಉಪಯೋಗವಿಲ್ಲ, ಕಾಲುವೆ ತೋಡಬೇಕು.

*

ಮೆಕ್ಸಿಕೊ 2014ರ ಜನವರಿಯಿಂದ ಸಕ್ಕರೆ ಹಾಕಿದ ಪಾನೀಯಕ್ಕೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ಮೊದಲ ವರ್ಷದಲ್ಲೇ ಖರೀದಿ ಸರಾಸರಿ 6 ಶೇಕಡಾದಷ್ಟು ಇಳಿಯಿತು. ಬಡ ಮನೆಗಳಲ್ಲಿ ಇನ್ನೂ ಹೆಚ್ಚು. ಬಡವರ ಮೇಲೆ ಹೊರೆ ಎಂದು ತೆರಿಗೆಯನ್ನು ವಿರೋಧಿಸುವವರು ಕಾಯಿಲೆಯ ಹೊರೆಯನ್ನೂ ತಕ್ಕಡಿಗೆ ಹಾಕಬೇಕು. ಕಾಯಿಲೆ ಯಾವ ಬಡವನಿಗೂ ರಿಯಾಯಿತಿ ಕೊಟ್ಟದ್ದಿಲ್ಲ.

*

ಬ್ರಿಟನ್ ತಂಪು ಪಾನೀಯದ ತೆರಿಗೆಯನ್ನು 2016ರಲ್ಲಿ ಘೋಷಿಸಿ, 2018ರ ಏಪ್ರಿಲ್‌ನಲ್ಲಿ ಜಾರಿಗೆ ತಂದಿತು. 100 ಮಿಲಿಲೀಟರಿಗೆ 5 ಗ್ರಾಂ ಸಕ್ಕರೆ ಮುಟ್ಟಿದರೆ ಒಂದು ದರ, 8 ಗ್ರಾಂ ಮುಟ್ಟಿದರೆ ಇನ್ನೂ ಮೇಲಿನ ದರ. 5 ಗ್ರಾಮಿಗಿಂತ ಕಡಿಮೆಯಿದ್ದರೆ ತೆರಿಗೆ ಇಲ್ಲ. ನಡುವಿನ ಎರಡು ವರ್ಷದಲ್ಲಿ ತಯಾರಕರು ತಾವೇ ಸಕ್ಕರೆ ಇಳಿಸಿದರು. ಒಳ್ಳೆಯ ತೆರಿಗೆಯ ಯಶಸ್ಸು ಎಷ್ಟು ಹಣ ಬಂತು ಎನ್ನುವುದರಲ್ಲಿಲ್ಲ, ಎಷ್ಟು ಸಕ್ಕರೆ ಹೋಯಿತು ಎನ್ನುವುದರಲ್ಲಿದೆ.

*

ನಮ್ಮಲ್ಲೂ ಸೋಡಾ ಪಾನೀಯಗಳ ಮೇಲೆ ಒಟ್ಟು 40 ಶೇಕಡಾ ತೆರಿಗೆಯಿದೆ. ಆದರೆ ಸಕ್ಕರೆ ಎಷ್ಟಿದೆ ಎಂದು ಅದು ಕೇಳುವುದಿಲ್ಲ. ಸಕ್ಕರೆ ಇಳಿಸಿದವರಿಗೂ ಇಳಿಸದವರಿಗೂ ಒಂದೇ ದರವಾದರೆ ಇಳಿಸುವ ಕಾರಣವೇ ಉಳಿಯುವುದಿಲ್ಲ. ದರ ಏರಿಸುವುದಕ್ಕಿಂತ ದರಕ್ಕೆ ಮೆಟ್ಟಿಲು ಕಟ್ಟುವುದು ಜಾಣತನ.

*

ಎಲ್ಲ ತೆರಿಗೆಯೂ ಗೆದ್ದಿಲ್ಲ. ಡೆನ್ಮಾರ್ಕ್ 2011ರಲ್ಲಿ ಕೊಬ್ಬಿನ ಮೇಲೆ ತೆರಿಗೆ ಹಾಕಿ, ಜನ ಗಡಿಯಾಚೆ ಹೋಗಿ ಬೆಣ್ಣೆ ಕೊಳ್ಳತೊಡಗಿದ ಮೇಲೆ 2013ರ ಆರಂಭಕ್ಕೆ ರದ್ದು ಮಾಡಿತು. ಕೇರಳ 2016ರಲ್ಲಿ ಬ್ರಾಂಡೆಡ್ ಹೋಟೆಲುಗಳ ಬರ್ಗರ್, ಪಿಜ್ಜಾಗಳಿಗೆ 14.5 ಶೇಕಡಾ ತೆರಿಗೆ ವಿಧಿಸಿತು. ಮರುವರ್ಷ ಜಿಎಸ್‌ಟಿ ಬಂದು ಅದು ಮುಗಿಯಿತು. ಊರ ತುಂಬ ಕರಿಯುವ ಬಾಣಲೆಗಳನ್ನು ಬಿಟ್ಟು ನಾಲ್ಕು ಹೊಳೆಯುವ ಅಂಗಡಿಗಳನ್ನು ಹಿಡಿದರೆ ಜನರ ತೂಕ ಇಳಿಯುವುದಿಲ್ಲ. ಸೋತ ಪ್ರಯೋಗಗಳನ್ನು ಓದದವರು ಅವನ್ನೇ ಮತ್ತೆ ಮಾಡುತ್ತಾರೆ.

*

2025ರ ಫೆಬ್ರವರಿಯಲ್ಲಿ ಪ್ರಧಾನಿ ದೇಶದ ಜನಕ್ಕೆ ಅಡುಗೆ ಎಣ್ಣೆಯನ್ನು 10 ಶೇಕಡಾ ಕಡಿಮೆ ಬಳಸಿ ಎಂದು ಕರೆ ಕೊಟ್ಟರು. ಮೇ ತಿಂಗಳ ಕೊನೆಯಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಆಮದು ಸುಂಕ 20ರಿಂದ 10 ಶೇಕಡಾಗೆ ಇಳಿಯಿತು. ಬೆಲೆಯೇರಿಕೆಯಲ್ಲಿ ನೊಂದ ಮನೆಗಳಿಗೆ ಸುಂಕದ ಇಳಿಕೆ ಬೇಕಾಗಿತ್ತು. ಹೃದಯಗಳಿಗೆ ಆ ಕರೆಯೂ ಬೇಕಾಗಿತ್ತು. ಬೆಲೆ ನೋಡುವ ಇಲಾಖೆ, ಬೆಳೆ ನೋಡುವ ಇಲಾಖೆ, ಆರೋಗ್ಯ ನೋಡುವ ಇಲಾಖೆ ಒಂದೇ ಮೇಜಿನ ಸುತ್ತ ಕೂರುವವರೆಗೆ ಜನ ಎರಡು ದಿಕ್ಕಿನ ಎಳೆತಕ್ಕೆ ಸಿಕ್ಕಿರುತ್ತಾರೆ.

*

ಚಿಲಿ ದೇಶ 2016ರ ಜೂನ್‌ನಿಂದ ಸಕ್ಕರೆ, ಉಪ್ಪು, ಕೊಬ್ಬು, ಕ್ಯಾಲೊರಿ ಅತಿಯಾದ ಪ್ಯಾಕೆಟ್ಟುಗಳ ಎದುರಿಗೇ ಕಪ್ಪು ಎಂಟುಮೂಲೆಯ ಮುದ್ರೆ ಒತ್ತಿತು. ಅಂಥ ತಿನಿಸಿನ ಮೇಲಿಂದ ಮಕ್ಕಳ ಕಾರ್ಟೂನುಗಳನ್ನು ಇಳಿಸಿತು, ಶಾಲೆಯಲ್ಲಿ ಮಾರಾಟ ನಿಲ್ಲಿಸಿತು. ಒಂದೂವರೆ ವರ್ಷದಲ್ಲಿ ಸಿಹಿ ಪಾನೀಯಗಳ ಖರೀದಿ ಸುಮಾರು ಕಾಲುಭಾಗ ಇಳಿಯಿತು. ಓದು ಬಾರದ ಅಜ್ಜಿಗೂ ಅರ್ಥವಾಗುವ ಗುರುತು ಅದು.

*

ನಮ್ಮ ಪ್ಯಾಕೆಟ್ಟಿನ ಹಿಂಬದಿಯಲ್ಲಿ ಎಲ್ಲ ವಿವರವೂ ಇದೆ. ಬಹುಪಾಲು ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಸಣ್ಣಕ್ಕೆ. ಮುಂಬದಿಯಲ್ಲಿ ನಗುವ ಮಗುವಿದೆ. ನಕ್ಷತ್ರ ಕೊಡುವ ಪದ್ಧತಿಯನ್ನು 2022ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಮುಂದಿಟ್ಟಿತು. ಆದರೆ ಕೆಟ್ಟ ತಿನಿಸಿಗೂ ಒಂದೆರಡು ನಕ್ಷತ್ರ ಸಿಕ್ಕರೆ ಮಗು ಅದನ್ನು ಬಹುಮಾನವೆಂದೇ ಓದುತ್ತದೆ. ಎಚ್ಚರಿಕೆ ಎಚ್ಚರಿಕೆಯಂತೆಯೇ ಕಾಣಬೇಕು.

*

ಗೆದ್ದ ಉದಾಹರಣೆ ನಮ್ಮಲ್ಲೂ ಇದೆ. ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬು 2 ಶೇಕಡಾ ಮೀರುವಂತಿಲ್ಲ ಎಂಬ ನಿಯಮ 2022ರ ಜನವರಿಯಿಂದ ಜಾರಿಗೆ ಬಂತು. ಅದಕ್ಕಾಗಿ ಯಾವ ಗೃಹಿಣಿಯೂ ಉಪನ್ಯಾಸ ಕೇಳಬೇಕಾಗಲಿಲ್ಲ. ಕೋಟಿ ಅಡುಗೆಮನೆಗಳ ಕೆಲಸವನ್ನು ಒಂದು ನಿಯಮ ಹಗುರ ಮಾಡಬಲ್ಲದು.

*

ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿನಿಸು ಮಾರಬಾರದು ಎಂದು 2020ರ ನಿಯಮ ಹೇಳುತ್ತದೆ. ಯಾವುದಾದರೂ ಶಾಲೆಯ ಮುಂದೆ ಗಂಟೆ ಹೊಡೆಯುವ ಹೊತ್ತಿಗೆ ನಿಂತು ನೋಡಿ. ಗೆಜೆಟ್ಟಿನಲ್ಲಿ ಅಚ್ಚಾದ ನಿಯಮಕ್ಕೂ ಗೂಡಂಗಡಿಗೂ ನಡುವಿನ ದೂರ 50 ಮೀಟರಿಗಿಂತ ಬಹಳ ಹೆಚ್ಚು.

*

ಆ ಗೂಡಂಗಡಿಯವರೂ ನಮ್ಮವರೇ. ಅವರ ದಿನದ ಸಂಪಾದನೆ ಚಿಪ್ಸಿನ ಸರದಲ್ಲಿದೆ. ಕಡಲೆ, ಬೇಯಿಸಿದ ಜೋಳ, ಸೌತೆಕಾಯಿ, ಬಾಳೆಹಣ್ಣು ಮಾರಿದರೂ ಅಷ್ಟೇ ಉಳಿಯುವಂತೆ ಮಾಡದೆ ಅಂಗಡಿ ಎತ್ತಿಸಿದರೆ ಅದು ಆರೋಗ್ಯ ಕಾರ್ಯಕ್ರಮವಲ್ಲ, ಬರೀ ಎತ್ತಂಗಡಿ.

*

ಜಪಾನಿನ ಶಾಲೆಗಳಲ್ಲಿ ಮಧ್ಯಾಹ್ನದ ಊಟವೂ ಪಾಠದ ಭಾಗ. ಮಕ್ಕಳೇ ಬಡಿಸುತ್ತಾರೆ, ಅಧ್ಯಾಪಕರು ಜೊತೆಯಲ್ಲೇ ಉಣ್ಣುತ್ತಾರೆ. ಶಾಲಾ ಊಟಕ್ಕೆ 1954ರಲ್ಲೇ ಕಾನೂನು, ಆಹಾರ ಶಿಕ್ಷಣಕ್ಕೆ 2005ರಲ್ಲಿ ಇನ್ನೊಂದು. ನಮ್ಮ ಬಿಸಿಯೂಟದ ಪಂಕ್ತಿಯಲ್ಲೂ ಇಂಥ ತರಗತಿ ತಯಾರಾಗಿಯೇ ಇದೆ. ಇಂದಿನ ಸಾರಿನಲ್ಲಿ ಯಾವ ಸೊಪ್ಪು ಎಂದು ಮೇಷ್ಟ್ರು ಕೇಳಿದರೆ ಸಾಕು, ಪಾಠ ಶುರು.

*

ಶಾಲೆಯಲ್ಲಿ ಕೊಡುವ ಮೊಟ್ಟೆ ಬಡಕಲು ಮಗುವಿಗೆ ಮಾತ್ರವಲ್ಲ. ಹೊಟ್ಟೆ ತುಂಬಿದ ಮಗು ಗೇಟಿನಾಚೆಯ ಪ್ಯಾಕೆಟ್ಟಿಗೆ ಕೈ ಚಾಚುವುದು ಕಡಿಮೆ. ಒಂದೇ ಮೊಟ್ಟೆ ಎರಡು ಕಾಯಿಲೆಗೆ ಮದ್ದು.

*

ರೇಷನ್ ಅಕ್ಕಿ ಕೊಡುವ ಅನ್ನಭಾಗ್ಯ 2013ರಲ್ಲಿ ಶುರುವಾದಾಗ ಹಸಿವಿಗೆ ಉತ್ತರವಾಗಿ ಬಂತು; ಆ ಉತ್ತರ ಸರಿಯಾಗಿತ್ತು. ಮುಂದಿನ ಪ್ರಶ್ನೆ ಚೀಲದಲ್ಲಿ ಎಷ್ಟು ಕಿಲೋ ಎಂಬುದಲ್ಲ, ಏನೇನು ಎಂಬುದು. ಹಳೆ ಮೈಸೂರಿನ ಕಡೆ ರಾಗಿ, ಉತ್ತರದ ಕಡೆ ಜೋಳ ರೇಷನ್ನಿನಲ್ಲಿ ಸೇರಿದ್ದು ಒಳ್ಳೆಯ ಹೆಜ್ಜೆ. ಬೇಳೆಕಾಳು ತಪ್ಪದೆ ಸೇರಿದ ದಿನ ಆ ಚೀಲ ನಿಜವಾಗಿ ತುಂಬುತ್ತದೆ.

*

ಸಿರಿಧಾನ್ಯದ ಬಿಸ್ಕತ್ತಿನಲ್ಲಿ ಸಕ್ಕರೆ, ತಾಳೆ ಎಣ್ಣೆಗಳೇ ಮುಂದಿದ್ದರೆ ಅದು ಬಿಸ್ಕತ್ತೇ. ಧಾನ್ಯದ ಹೆಸರು ಹೇಳಿ ಸಕ್ಕರೆ ಮಾರುವುದನ್ನು ರೈತರ ಗೌರವಕ್ಕಾಗಿಯಾದರೂ ತಡೆಯಬೇಕು.

*

ಮುದ್ದೆ ತೊಳಸಲು, ಕಾಳು ನೆನೆಹಾಕಲು, ಸೊಪ್ಪು ಬಿಡಿಸಲು ಹೊತ್ತು ಬೇಕು. ಬೆಳಿಗ್ಗೆ ಎಂಟಕ್ಕೆ ಗಾರ್ಮೆಂಟ್ಸಿಗೆ ಓಡಿ, ಕತ್ತಲಾದ ಮೇಲೆ ಮನೆ ಸೇರುವ ಹೆಣ್ಣುಮಗಳಿಗೆ ಆ ಹೊತ್ತನ್ನು ಯಾರು ಕೊಟ್ಟಿದ್ದಾರೆ? ಆರೋಗ್ಯದ ಅಡುಗೆಗೆ ಸಮಯವೂ ಒಂದು ದಿನಸಿ. ಅದು ಎಲ್ಲರಿಗಿಂತ ಕಡಿಮೆ ಸಿಕ್ಕಿರುವುದು ದುಡಿಯುವ ಹೆಂಗಸರಿಗೆ.

*

ಕಾರ್ಖಾನೆಯ ಕ್ಯಾಂಟೀನು, ಹಾಸ್ಟೆಲಿನ ಅಡುಗೆಮನೆ, ಪೊಲೀಸ್ ಮೆಸ್ಸು: ಇಲ್ಲಿನ ಬಾಣಸಿಗರು ದಿನಕ್ಕೆ ನೂರಾರು ಜನರ ರಕ್ತನಾಳಗಳನ್ನು ಕಾಯುತ್ತಾರೆ. ಅವರಿಗೆ ತರಬೇತಿ, ಒಳ್ಳೆಯ ಸಂಬಳ ಕೊಡುವುದು ಹೃದ್ರೋಗ ಆಸ್ಪತ್ರೆ ಕಟ್ಟುವುದರಷ್ಟೇ ದೊಡ್ಡ ಕೆಲಸ.

*

ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಕೂತು ಓಡಿಸುವ ಚಾಲಕರಿಗಿಂತ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ ಎಂದು ಸಂಶೋಧಕ ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ತೋರಿಸಿದರು. ಮುಂದೆ ಸಮವಸ್ತ್ರದ ಅಳತೆ ಪುಸ್ತಕ ತೆರೆದಾಗ ಚಾಲಕರ ಪ್ಯಾಂಟಿನ ಸೊಂಟವೂ ಅಗಲವಾಗಿತ್ತು. ಕಂಡಕ್ಟರುಗಳು ವ್ಯಾಯಾಮ ಮಾಡುತ್ತಿರಲಿಲ್ಲ, ಕೆಲಸ ಮಾಡುತ್ತಿದ್ದರು. ನಡೆಯುವುದು ದಿನಚರಿಯಲ್ಲೇ ಹೆಣೆದಿದ್ದರೆ ಅದಕ್ಕೆ ಸಂಕಲ್ಪ ಬೇಕಾಗುವುದಿಲ್ಲ.

*

ವೈದ್ಯರು ದಿನಾ ಅರ್ಧ ಗಂಟೆ ನಡೆಯಿರಿ ಎನ್ನುತ್ತಾರೆ. ಎಲ್ಲಿ? ಫುಟ್‌ಪಾತಿನ ಮೇಲೆ ಬೈಕು ನಿಂತಿದೆ, ಚಪ್ಪಡಿ ಬಾಯಿ ತೆರೆದಿದೆ, ಟ್ರಾನ್ಸ್‌ಫಾರ್ಮರ್ ಕೂತಿದೆ. ವೈದ್ಯರ ಆ ಸಲಹೆಯ ಚೀಟಿಗೆ ಎರಡನೆಯ ಸಹಿ ನಗರಪಾಲಿಕೆಯ ಎಂಜಿನಿಯರರದಾಗಬೇಕು.

*

ಕೊಲಂಬಿಯಾದ ಬೊಗೊಟಾ ನಗರ 1970ರ ದಶಕದಿಂದ ಭಾನುವಾರಗಳಂದು ಮುಖ್ಯರಸ್ತೆಗಳನ್ನೇ ವಾಹನಗಳಿಗೆ ಮುಚ್ಚಿ ಜನಕ್ಕೆ ಬಿಡುತ್ತ ಬಂದಿದೆ. ಇಂದು ಅದು 100 ಕಿಲೋಮೀಟರಿಗೂ ಮೀರಿದ ಜಾಲ. ಬೆಂಗಳೂರಿನ ಕಬ್ಬನ್ ಪಾರ್ಕನ್ನು ವಾಹನಗಳಿಲ್ಲದ ಭಾನುವಾರ ನೋಡಿದವರಿಗೆ ಇದು ಕನಸೆನಿಸದು. ಗಾಡಿ ನಿಂತರೆ ಮಕ್ಕಳು ತಾವಾಗಿ ಓಡುತ್ತಾರೆ.

*

ಸಂಜೆ ಏಳರ ಮೇಲೆ ಒಬ್ಬಳೇ ಧೈರ್ಯವಾಗಿ ನಡೆಯಬಹುದಾದ ಬೀದಿ ಹೆಂಗಸರ ಪಾಲಿಗೆ ಅತ್ಯುತ್ತಮ ಆರೋಗ್ಯ ಕೇಂದ್ರ. ಬೀದಿದೀಪದ ಖರ್ಚನ್ನು ಔಷಧದ ಖರ್ಚಿನ ಪಕ್ಕದಲ್ಲೇ ಬರೆಯಬೇಕು.

*

ಆಟದ ಬಯಲಿಲ್ಲದ ಶಾಲೆಗೆ ಪರವಾನಗಿ ಕೊಟ್ಟವರು ಮಕ್ಕಳ ಬೊಜ್ಜಿನ ಬಗ್ಗೆ ಭಾಷಣ ಮಾಡುವ ಮೊದಲು ಆ ಕಡತವನ್ನು ಮತ್ತೊಮ್ಮೆ ತೆರೆಯಲಿ.

*

ಡುಮ್ಮ, ಡುಮ್ಮಿ ಎಂದು ಕರೆಸಿಕೊಂಡ ಮಗು ಮೈದಾನ ಬಿಟ್ಟು ಮೂಲೆ ಸೇರುತ್ತದೆ. ಬೈಗುಳದಿಂದ ತೂಕ ಇಳಿದದ್ದಿಲ್ಲ. ಮನಸ್ಸು ಮುದುಡಿ ಇನ್ನಷ್ಟು ತಿಂದದ್ದುಂಟು. ಬೊಜ್ಜಿನ ವಿರುದ್ಧ ಹೋರಾಡುವವರು ದಪ್ಪಗಿರುವವರ ಪರವಾಗಿ ನಿಲ್ಲಬೇಕು.

*

ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು 2025ರಲ್ಲಿ ನಮ್ಮ ಮಾರುಕಟ್ಟೆಗೂ ಬಂದವು. ಬೇಕಾದವರಿಗೆ ವೈದ್ಯರ ಸಲಹೆಯಂತೆ ಸಿಗಲಿ, ಅದರಲ್ಲಿ ಸಂಕೋಚಪಡಬೇಕಾದ್ದೇನಿಲ್ಲ. ಆದರೆ ಮದ್ದು ಕಾಯಿಲೆ ಬಂದವರನ್ನು ಮುಟ್ಟುತ್ತದೆ. ಬೆಲೆ, ಬೀದಿ, ಶಾಲೆ ಇನ್ನೂ ಹುಟ್ಟದವರನ್ನೂ ಮುಟ್ಟುತ್ತವೆ.

*

ಹಾಗಾದರೆ ವ್ಯಕ್ತಿಗೆ ಹೊಣೆಯೇ ಇಲ್ಲವೇ? ಇದೆ. ಮಾಡಬಲ್ಲದ್ದಕ್ಕೆ ಮನುಷ್ಯ ಹೊಣೆ; ಮಾಡಬಲ್ಲಂತೆ ಮಾಡುವುದಕ್ಕೆ ಸರ್ಕಾರ ಹೊಣೆ. ಎರಡನೆಯದು ಮೊದಲು ನಡೆಯಬೇಕು.

*

ಬೊಜ್ಜು ಒಂದೇ ಕಾನೂನಿನಿಂದ ಬಂದದ್ದಲ್ಲ, ಒಂದೇ ಕಾನೂನಿನಿಂದ ಹೋಗುವುದೂ ಇಲ್ಲ. ತೆರಿಗೆ, ಮುದ್ರೆ, ಬಿಸಿಯೂಟ, ರೇಷನ್, ಫುಟ್‌ಪಾತ್, ತಾಯಿಯ ಆರೈಕೆ ಎಲ್ಲವೂ ಒಟ್ಟಾಗಿ, ಒಂದು ಸರ್ಕಾರ ಹೋಗಿ ಇನ್ನೊಂದು ಬಂದರೂ ನಿಲ್ಲದೆ, ಹತ್ತಿಪ್ಪತ್ತು ವರ್ಷ ನಡೆಯಬೇಕು. ಐದು ವರ್ಷದ ಅಧಿಕಾರಕ್ಕೆ ಇಪ್ಪತ್ತು ವರ್ಷದ ತಾಳ್ಮೆ ಕಲಿಸಬೇಕಾದವರು ಮತದಾರರು.

*

ಮುಂದಿನ ಸಲ ಮತ ಕೇಳಲು ಬಂದವರನ್ನು ಕೂರಿಸಿ, ನೀರು ಕೊಟ್ಟು, ಮೂರೇ ಪ್ರಶ್ನೆ ಕೇಳೋಣ. ನಮ್ಮ ವಾರ್ಡಿನ ಮಗು ಶಾಲೆಗೆ ಸುರಕ್ಷಿತವಾಗಿ ನಡೆದು ಹೋಗಬಲ್ಲದೇ? ಆ ಶಾಲೆಯ ಗೇಟಿನ ಮುಂದೆ ಏನು ಮಾರುತ್ತಾರೆ? ನಮ್ಮ ರೇಷನ್ ಚೀಲಕ್ಕೆ ಬೇಳೆ ಯಾವಾಗ ಬರುತ್ತದೆ? ಉತ್ತರ ಹೇಳಿದವರ ಹೆಸರು, ಹೇಳಿದ ತಾರೀಖು ಬರೆದಿಟ್ಟುಕೊಳ್ಳೋಣ. ವರ್ಷ ಕಳೆದ ಮೇಲೆ ಮತ್ತೆ ಹೋಗಿ ಅದೇ ಮೂರು ಪ್ರಶ್ನೆಗಳನ್ನು ಕೇಳೋಣ.